ಮೂರು ಸಾವಿರ ಮೀಟರ್ ಮತ್ತು ಮಗಳ ಕಾರು

ನಲವತ್ತೆರಡನೇ ವಯಸ್ಸಿನಲ್ಲಿ ನಾನು ಓಟಕ್ಕೆ ಇಳಿದದ್ದು ನಮ್ಮ ಶಾಲೆಯ ಗುಮಾಸ್ತರ ದೆಸೆಯಿಂದ. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಹೊಸದುರ್ಗದ ಹೈಸ್ಕೂಲೊಂದರಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದೆ. ಚಿತ್ರದುರ್ಗದಲ್ಲಿ ನಡೆಯುವ ನೌಕರರ ಕ್ರೀಡಾಕೂಟಕ್ಕೆ ಪ್ರತಿ ಶಾಲೆಯಿಂದ ಒಬ್ಬರಾದರೂ ಹೆಸರು ಕೊಡಲೇಬೇಕೆಂದು ಸುತ್ತೋಲೆ ಬಂದ ದಿನ ನಾನು ರಜೆಯಲ್ಲಿದ್ದೆ. ಮರುದಿನ ಬಂದು ನೋಡಿದರೆ, ನಲವತ್ತು ಮೀರಿದ ಮಹಿಳೆಯರ ಮೂರು ಸಾವಿರ ಮೀಟರ್ ಓಟದ ಮುಂದೆ ನನ್ನ ಹೆಸರಿತ್ತು.

"ಇದು ಮೂರು ಕಿಲೋಮೀಟರ್ ಅಲ್ಲೇನ್ರಿ?" ಅಂದೆ.

"ನಾನು ಮುನ್ನೂರು ಅಂತ ಓದ್ಕಂಡೆ ಮೇಡಂ," ಅಂದರು ಗುಮಾಸ್ತರು. "ಒಂದು ಸೊನ್ನೆ ಕಣ್ಣಿಗೆ ಬೀಳ್ಲಿಲ್ಲ. ಈಗ ಕಳ್ಸಿ ಆಗೈತೆ."

ಇಪ್ಪತ್ತು ವರ್ಷ ಗಣಿತ ಪಾಠ ಮಾಡಿದ್ದರೂ ಸೊನ್ನೆಗೆ ಅಷ್ಟು ಬೆಲೆಯಿದೆ ಎಂದು ನನಗೆ ಅವತ್ತೇ ಮನವರಿಕೆಯಾದದ್ದು.

ಅದೇ ತಿಂಗಳು ಮಗಳಿಗೆ ಹದಿನೆಂಟು ತುಂಬಿತು. ಕಲಿಕೆಯ ಲೈಸೆನ್ಸ್ ಮಾಡಿಸಿಕೊಂಡು ಬಂದು, ಕಾರು ಕಲಿಸು ಎಂದು ನನ್ನ ಬೆನ್ನು ಹತ್ತಿದಳು. ಕಾರು ನನ್ನ ಗಂಡ ಎಲ್ಲೋ ಕೊಂಡು ತಂದಿದ್ದ ಹಳೆಯದು. ತಂದ ವಾರವೇ ಅದನ್ನು ಪಕ್ಕದ ಮನೆಯ ಹುಲ್ಲಿನ ಬಣವೆಗೆ ನುಗ್ಗಿಸಿ, ಆಮೇಲೆ ಅವರು ಅದರ ಬಾಗಿಲನ್ನೂ ಮುಟ್ಟಿರಲಿಲ್ಲ. ಅವರಿಗೆ ಹಿರಿಯೂರಿನಲ್ಲಿ ಕೆಲಸ. ಸೋಮವಾರ ಬಸ್ಸಿಗೆ ಹೋದರೆ ಮನೆಗೆ ಬರುವುದು ಶನಿವಾರ. ನಾನು ಹುಡುಗಿಯಾಗಿದ್ದಾಗ ಅಪ್ಪನ ಟ್ರಾಕ್ಟರ್ ಓಡಿಸಿ ಪಳಗಿದವಳು. ಹಾಗಾಗಿ ಕಲಿಸುವ ಕೆಲಸ ನನಗೇ ಬಂತು.

ನನಗೆ ಬಿಡುವಿದ್ದದ್ದು ಬೆಳಿಗ್ಗೆ ಆರರಿಂದ ಏಳೂವರೆ. ಅಷ್ಟರಲ್ಲಿ ಓಟವೂ ಆಗಬೇಕು, ಕಾರೂ ಆಗಬೇಕು. ಮೊದಲು ಓಡಿ ಆಮೇಲೆ ಕಾರು ಹತ್ತಿದೆ. ಕ್ಲಚ್ ಬಿಡುವುದು ಹೇಗೆಂದು ತೋರಿಸಲು ಹೋದರೆ ನನ್ನ ಕಾಲೇ ನಡುಗಿ ಕಾರು ಕಪ್ಪೆಯಂತೆ ಕುಪ್ಪಳಿಸಿತು. ಮರುದಿನ ಮೊದಲು ಕಾರು ಕಲಿಸಿ ಆಮೇಲೆ ಓಡಲು ಇಳಿದೆ. ಮಗಳು ಎರಡು ಸಲ ಬೇಲಿಯ ಹತ್ತಿರ ಹೋಗಿ ಬಂದಿದ್ದಳಾದ್ದರಿಂದ ನಾನು ನಾಲ್ಕು ಹೆಜ್ಜೆ ಓಡಿ ಕೂತುಬಿಟ್ಟೆ.

ಮೂರನೆಯ ದಿನ ನನಗೆ ಬುದ್ಧಿ ಹೊಳೆಯಿತು. ಬಾಗೂರಿನ ದಾರಿಯಲ್ಲಿ ಒಂದು ಕೆರೆ ನೀರು ಕಾಣದೆ ಬಯಲಾಗಿ ಬಿದ್ದಿತ್ತು. ಅದರ ಅಂಗಳದಲ್ಲಿ ಮಗಳು ಮೊದಲ ಗೇರಿನಲ್ಲಿ ಹೋಗಲಿ, ನಾನು ಕಿಟಕಿಯ ಪಕ್ಕ ಓಡುತ್ತಾ ಪಾಠ ಹೇಳುತ್ತೇನೆ ಎಂದೆ. ಅರ್ಧ ಸುತ್ತಿಗೆ ನನಗೆ ಮಾತು ಹೊರಡದಾಯಿತು. ವ್ಯಾಯಾಮ ಶಿಕ್ಷಕರಿಂದ ಸೀಟಿ ಕೇಳಿ ತಂದೆ. ಒಂದು ಸೀಟಿ ಎಂದರೆ ಬ್ರೇಕು, ಎರಡು ಎಂದರೆ ಮುಂದಿನ ಗೇರು.

ಕೆರೆಯಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಎರಡು ದಿನ ದೂರದಿಂದ ನೋಡಿ, ಮೂರನೆಯ ದಿನ ಹತ್ತಿರ ಬಂದ.

"ಏನವ್ವ, ಆ ಹುಡುಗಿ ಯಾಕೆ ನಿನ್ನ ಅಟ್ಟಾಡಿಸ್ತಾಳೆ?"

"ಅಟ್ಟಾಡಿಸ್ತಿಲ್ಲ ಅಜ್ಜ. ನನ್ನ ಮಗಳು. ಕಾರು ಕಲಿಸ್ತಿದೀನಿ."

"ಒಳಗೆ ಕುಂತ್ಕಳಾಕೆ ಜಾಗ ಇಲ್ವಾ?"

"ಐತೆ. ನಾನು ಓಡೋದೂ ಕಲೀಬೇಕು."

ಅಜ್ಜ ಕೋಲಿಗೆ ಗಲ್ಲ ಆನಿಸಿದ. "ಒಂದೊಂದಾಗಿ ಕಲ್ತಿದ್ರೆ ಆಗ್ತಿರ್ಲಿಲ್ವಾ?" ಎಂದು ಕೇಳಿ ಕುರಿಗಳ ಕಡೆ ಹೋದ.

ನಾನು ಆ ಮಾತು ಕೇಳಬೇಕಿತ್ತು. ಮರುದಿನ ಅಜ್ಜ ಮಂದೆಯನ್ನು ತಿರುಗಿಸಲು ಬಾಯಿಗೆ ಬೆರಳಿಟ್ಟು ಎರಡು ಸಲ ಸಿಳ್ಳೆ ಹಾಕಿದ. ಮಗಳು ಅದನ್ನು ನನ್ನ ಸೀಟಿ ಎಂದುಕೊಂಡು ಎರಡನೇ ಗೇರಿಗೆ ಹಾಕಿ ಹೊರಟೇಬಿಟ್ಟಳು. ನಾನು ಹಿಂದೆ ಓಡುತ್ತಾ ಒಂದೇ ಸಮ ಊದಿದೆ. ಅದು ಕುರಿಗಳಿಗೆ ಏನೆಂದು ಕೇಳಿಸಿತೋ, ಇಡೀ ಮಂದೆ ನನ್ನ ಹಿಂದೆ ಓಡಿ ಬಂತು. ಮುಂದೆ ಕಾರು, ನಡುವೆ ಗಣಿತದ ಟೀಚರು, ಹಿಂದೆ ಅರವತ್ತು ಕುರಿ, ಕೊನೆಯಲ್ಲಿ ಬೈಯುತ್ತಾ ಅಜ್ಜ. ಮಣ್ಣು ಸಡಿಲವಾಗಿದ್ದ ತಗ್ಗಿನಲ್ಲಿ ಚಕ್ರ ಹೂತು ಕಾರು ತಾನಾಗಿ ನಿಂತಿತು. ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಹೆಂಗಿತ್ತಮ್ಮ?" ಎಂದು ಕೇಳಿದಳು. ಹಿಂದೆ ನಡೆದದ್ದು ಯಾವುದೂ ಅವಳಿಗೆ ಗೊತ್ತಿರಲಿಲ್ಲ.

ಹೊಲಕ್ಕೆ ಹೊರಟಿದ್ದ ನಾಲ್ಕು ಹೆಂಗಸರನ್ನು ಅಜ್ಜನೇ ಕರೆದ. "ಬರ್ರವ್ವ, ಟೀಚರಮ್ಮ ಹೂತ್ಕಂಡೈತೆ," ಅಂದ. ಎಲ್ಲರೂ ಸೇರಿ ತಳ್ಳಿ ಕಾರನ್ನು ಮೇಲೆ ತಂದೆವು. ಸೀಟಿ ಅವತ್ತೇ ವ್ಯಾಯಾಮ ಶಿಕ್ಷಕರಿಗೆ ವಾಪಸ್ ಹೋಯಿತು. ಮುಂದೆ ವಾರದಲ್ಲಿ ಮೂರು ದಿನ ಕಾರಿನೊಳಗೆ ಕೂತು ಕಲಿಸಿದೆ, ಮೂರು ದಿನ ಒಬ್ಬಳೇ ಓಡಿದೆ. ಹಾಗೆ ಓಡುವಾಗ ತಿಳಿದದ್ದು, ಕಾರಿನ ಜೊತೆಗಿನ ಆ ಹುಚ್ಚಾಟದಲ್ಲಿ ನನ್ನ ದಮ್ಮು ಸಾಕಷ್ಟು ಬೆಳೆದಿತ್ತು.

ಕ್ರೀಡಾಕೂಟದ ಹಿಂದಿನ ವಾರ ಮಗಳಿಗೆ ಪೂರ್ತಿ ಲೈಸೆನ್ಸ್ ಸಿಕ್ಕಿತು. ಚಿತ್ರದುರ್ಗಕ್ಕೆ ತಾನೇ ಓಡಿಸುತ್ತೇನೆಂದು ಹಟ ಹಿಡಿದಳು. ನನ್ನ ಗಂಡ ಹಿಂದಿನ ಸೀಟಿನ ನಡುವೆ ಕೂತು, ಮುಂದಿನ ಎರಡೂ ಸೀಟುಗಳನ್ನು ಅಪ್ಪಿಕೊಂಡು ಬಂದರು. ಹೊಳಲ್ಕೆರೆಯ ತನಕ ಎಲ್ಲ ಸುಸೂತ್ರ. ಅಲ್ಲಿಂದ ಮುಂದೆ ಒಂದು ಏರಿನಲ್ಲಿ ಎದುರಿಗೆ ಎಮ್ಮೆಗಳು ಬಂದವೆಂದು ನಿಲ್ಲಿಸಿದಳು. ಮತ್ತೆ ಹೊರಡಲು ನೋಡಿದರೆ ಕಾರು ಹಿಂದಕ್ಕೇ ಜಾರುತ್ತಿತ್ತು. ಕೈಬ್ರೇಕ್ ಎಳೆಸಿ, ನಾನು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟೆ.

"ಈಗ ನಿಧಾನಕ್ಕೆ ಕ್ಲಚ್ ಬಿಡು," ಅಂದೆ.

ಕಾರು ಚೆನ್ನಾಗಿಯೇ ಏರಿತು. ಏರಿದ್ದು ನಿಲ್ಲಲಿಲ್ಲ. ನಿಲ್ಲಿಸಿದರೆ ಮತ್ತೆ ಜಾರುತ್ತದೆಂದು ಅವಳಿಗೆ ಭಯ. ನಾನು ಸೀರೆ ಎತ್ತಿ ಕಟ್ಟಿ ಓಡಿದೆ. ಗಂಡ ಹಿಂದಿನ ಗಾಜಿನಿಂದ ನನ್ನನ್ನು ನೋಡುತ್ತಾ ಕೈಯಲ್ಲಿ ಬಾ, ಬಾ ಎಂದು ಸನ್ನೆ ಮಾಡುತ್ತಿದ್ದರು. ಆ ಏರು ಮುಗಿಯಲು ಮುಕ್ಕಾಲು ಕಿಲೋಮೀಟರ್ ಇತ್ತು. ಕಾರು ಹತ್ತಿದ ಮೇಲೆ ಅವರು ನೀರು ಕೊಟ್ಟು, "ಓಟ ಮೈದಾನದಾಗೆ ಅಲ್ವಾ?" ಎಂದು ಕೇಳಿದರು.

ಮೈದಾನದಲ್ಲಿ ನಾವು ನಾಲ್ವರೇ ಇದ್ದೆವು. ಹಿರಿಯೂರಿನ ನರ್ಸ್ ಒಬ್ಬರು ಮೊದಲಿನಿಂದಲೂ ಮುಂದಿದ್ದರು. ಅವರ ಹಿಂದೆ ಹೊಳಲ್ಕೆರೆಯ ಗ್ರಂಥಪಾಲಕಿ. ನಾಲ್ಕನೆಯವರು ತಮ್ಮನ್ನೂ ಗುಮಾಸ್ತರೇ ಸೇರಿಸಿದ್ದೆಂದು ಮೊದಲ ಸುತ್ತಿನಲ್ಲೇ ನನಗೆ ಹೇಳಿ, ಎರಡನೇ ಸುತ್ತಿನಲ್ಲಿ ನೆರಳಿಗೆ ಹೋಗಿ ಕೂತರು. ಕೊನೆಯ ಸುತ್ತಿನಲ್ಲಿ ಗ್ರಂಥಪಾಲಕಿಗೆ ಹೊಟ್ಟೆ ಹಿಡಿದುಕೊಂಡಿತು. ನಾನು ಪಕ್ಕಕ್ಕೆ ಬಂದಾಗ ಅವರು, "ಹೋಗ್ರಿ ಮೇಡಂ, ನನಗೇನೂ ಬ್ಯಾಸ್ರ ಇಲ್ಲ," ಅಂದರು. ನಾನು ಹೋದೆ. ಎರಡನೇ ಬಹುಮಾನ ಬಂತು, ಸ್ಟೀಲಿನ ಕೊಡ. ವೇದಿಕೆಯ ಮೇಲೆ ಅದನ್ನು ಎತ್ತಿ ತೋರಿಸುವಾಗ ನನಗೆ ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಶಾಲೆಯ ದಿನಗಳಲ್ಲೂ ಆಟಕ್ಕೆಂದು ನನಗೆ ಯಾವ ಬಹುಮಾನವೂ ಬಂದಿರಲಿಲ್ಲ.

ಮನೆ ಮುಟ್ಟುವ ಹೊತ್ತಿಗೆ ನನ್ನ ಎರಡೂ ಕಾಲು ಮರಗಟ್ಟಿ, ಸೀಟಿನಿಂದ ಏಳಲೇ ಆಗಲಿಲ್ಲ. ಗಂಡ ಒಂದು ಕಡೆ, ಮಗಳು ಒಂದು ಕಡೆ ಹಿಡಿದು ಇಳಿಸಿದರು. ಎದುರು ಮನೆಯಾಕೆ ಓಡಿಬಂದು, ಮಗಳನ್ನೂ ಕಾರನ್ನೂ ಒಮ್ಮೆ ನೋಡಿ, ಮೆಲ್ಲಗೆ ನನ್ನನ್ನು ಕೇಳಿದರು: "ಎಲ್ಲಿ ಗುದ್ದಿದ್ಳು?"

"ನಾನು ಎಲ್ಲೂ ಗುದ್ದಿಲ್ಲ ಆಂಟಿ," ಅಂದಳು ಮಗಳು, ಬಹಳ ಸಿಟ್ಟಿನಿಂದ. "ಅಮ್ಮ ಓಡಿ ಹಿಂಗಾಗಿರೋದು."