ಉತ್ತರ ಪುಟದ ಕಾವಲು

ಪ್ರಶ್ನೆ ತಪ್ಪೋ, ಉತ್ತರ ತಪ್ಪೋ? ಬೆಳಗಿನ ಆರು ಗಂಟೆಗೆ ಮುದ್ರಣಾಲಯದ ಮೂಲೆ ಮೇಜಿನಲ್ಲಿ ಕೂತವರಿಗೆ ಅದೊಂದೇ ಬಗೆಹರಿಯುತ್ತಿಲ್ಲ. ಒಂದು ಸಂಖ್ಯೆಯ ಅರ್ಧಕ್ಕೆ ಅದರ ಕಾಲು ಭಾಗ ಕೂಡಿದರೆ ಒಂಬತ್ತು. ಆ ಸಂಖ್ಯೆ ಯಾವುದು? ಅವರ ಪೆನ್ಸಿಲ್ಲು ಹನ್ನೆರಡು ಎನ್ನುತ್ತದೆ. ಪುಸ್ತಕದ ಕೊನೆಯ ಪುಟ ಮೂರು ಎನ್ನುತ್ತದೆ. ಮೂರರ ಅರ್ಧ ಒಂದೂವರೆ, ಕಾಲು ಭಾಗ ಮುಕ್ಕಾಲು, ಒಟ್ಟು ಎರಡೂಕಾಲು. ಎರಡೂಕಾಲನ್ನು ಭಿನ್ನರಾಶಿಯಲ್ಲಿ ಬರೆದರೆ 9/4. ಅಚ್ಚಿಗೆ ಜೋಡಿಸುವಾಗ ಒಂಬತ್ತರ ಕೆಳಗಿನ ನಾಲ್ಕು ಬಿದ್ದುಹೋಗಿದ್ದರೆ? ಆಗ ಉತ್ತರ ಸರಿ, ಪ್ರಶ್ನೆಯೇ ತಪ್ಪು.

ಲೆಕ್ಕದ ಪುಸ್ತಕ ಅಚ್ಚಾಗುವ ಮೊದಲು ಒಂದೊಂದು ಲೆಕ್ಕವನ್ನೂ ಬಿಡಿಸಿ, ಹಿಂಬದಿಯ ಉತ್ತರದೊಂದಿಗೆ ತಾಳೆ ನೋಡುವುದು ಇವರ ಕೆಲಸ. ದಿನಕ್ಕೆ ನೂರೈವತ್ತು ಲೆಕ್ಕ, ವಾರಕ್ಕೆ ಎರಡು ಹಸಿರು ಪೆನ್ಸಿಲ್ಲು, ಇಪ್ಪತ್ತೆರಡು ವರ್ಷ. ಹಾಳೆ ಮಡಿಸಲು ಸೇರಿದವರು. ಮಡಿಸುತ್ತ ಮಡಿಸುತ್ತ ತಪ್ಪು ಹಿಡಿದದ್ದಕ್ಕೆ ಈ ಕುರ್ಚಿ ಸಿಕ್ಕಿತು. ಯಾವ ಪುಸ್ತಕದಲ್ಲೂ ಇವರ ಹೆಸರಿಲ್ಲ. ಒಂದು ದಿನವೂ ಪಾಠ ಮಾಡಿದವರಲ್ಲ, ಆದರೂ ಇಲ್ಲಿ ಎಲ್ಲರ ಬಾಯಲ್ಲೂ ‘ಲ.ಸಾ.ಅ. ಮೇಷ್ಟ್ರು’.

“ತಪ್ಪು ಅಂತ ಗೊತ್ತಾದ್ರೆ ಸಾಲ್ದು. ಅದು ಯಾವ ದಾರೀಲಿ ಬಂತು ಅಂತ ಗೊತ್ತಾಗ್ಬೇಕು. ಇಲ್ಲಾಂದ್ರೆ ಒಂದನ್ನ ತಿದ್ದೋಕೆ ಹೋಗಿ ಇನ್ನೊಂದನ್ನ ಕೆಡಿಸ್ತೀವಿ,” ಎನ್ನುತ್ತಾರೆ.

ಯಂತ್ರದವನಿಗೆ ತಾಳ್ಮೆ ಕಡಿಮೆ. “ಮೇಷ್ಟ್ರೇ, ಮಷಿನ್ನಿಗೆ ಪ್ಲೇಟು ಹಾಕಿ ಅರ್ಧ ಗಂಟೆ ಆಯ್ತು. ಲೆಕ್ಕ ಬಿಡಿಸ್ತಿದೀರೋ, ಹಡೀತಿದೀರೋ?”

“ಕಷ್ಟದ ಹೆರಿಗೆ ಕಣಪ್ಪ, ತಡಿ.”

ಕಪಾಟಿನಿಂದ ಲೇಖಕರ ಕೈಬರಹದ ಪ್ರತಿ ತೆಗೆಯುತ್ತಾರೆ. ಅಲ್ಲಿ ಒಂಬತ್ತು ದುಂಡಗೆ ಕೂತಿದೆ, ಕೆಳಗೆ ಏನೂ ಇಲ್ಲ. ಈಗ ದಾರಿ ಕಾಣುತ್ತದೆ. ಅರ್ಧ, ಕಾಲುಗಳ ಛೇದ ಕಳೆಯಲು ಲ.ಸಾ.ಅ. ನಾಲ್ಕರಿಂದ ಗುಣಿಸಬೇಕು. ಲೇಖಕರು ಎಡಗಡೆ ಗುಣಿಸಿದ್ದಾರೆ: ಎರಡು x, ಒಂದು x, ಒಟ್ಟು ಮೂರು x. ಬಲಗಡೆಯ ಒಂಬತ್ತು ಮೂವತ್ತಾರು ಆಗಬೇಕಿತ್ತು, ಒಂಬತ್ತಾಗಿಯೇ ಉಳಿದು ಉತ್ತರ ಮೂರಾಗಿದೆ.

“ಎಡಗಡೆ ಕೂತವರಿಗೆಲ್ಲ ಬಡಿಸಿ ಬಲಗಡೆಯವನನ್ನ ಮರೆತಿದ್ದಾರೆ ನೋಡು. ಪಾಪ, ಅವನಿಗೆ ಛೇದ ಇರ್ಲಿಲ್ಲ, ಹಸಿವಿಲ್ಲ ಅಂದ್ಕೊಂಡ್ರು. ಪ್ಲೇಟು ಇಳಿಸು.”

“ಮೂರು ವರ್ಷದ ಹಿಂದೆ ಇದೇ ಪುಸ್ತಕ ಅಚ್ಚಾಯ್ತಲ್ಲ, ಆಗ ಯಾವ ಮಹಾನುಭಾವ ನೋಡಿದ್ದು?”

ಹಳೆಯ ಕರಡು ತೆರೆದರೆ ಮೂರರ ಪಕ್ಕದಲ್ಲಿ ಸರಿ ಎಂಬ ಹಸಿರು ಗುರುತು.

“ನಾನೇ,” ಎನ್ನುತ್ತಾರೆ ಮೇಷ್ಟ್ರು. “ಕಣ್ಣಿಗೆ ಅವತ್ತು ಏನು ಮಂಕು ಕವಿದಿತ್ತೋ.”

ಯಂತ್ರದವನು ಸ್ಪ್ಯಾನರ್ ಎತ್ತಿಕೊಳ್ಳುತ್ತಾನೆ. ಹೊಸ ಪ್ಲೇಟು ಬರಲು ಹತ್ತು ಗಂಟೆಯಾದೀತು. ಆದರೆ ಹಳೆಯ ಎಂಟು ಸಾವಿರ ಪ್ರತಿಗಳು ಮಕ್ಕಳ ಚೀಲ ಸೇರಿ ಎಷ್ಟೋ ಕಾಲವಾಗಿದೆ.

ಅವುಗಳಲ್ಲೊಂದು ಮೇಷ್ಟ್ರ ಮನೆಯಲ್ಲೇ ಇತ್ತು. ಆಗ ಎಂಟನೇ ತರಗತಿಯಲ್ಲಿದ್ದ ಮಗಳು ಇದೇ ಲೆಕ್ಕ ಹಿಡಿದು ಬಂದಿದ್ದಳು. “ಅಪ್ಪ, ನಂಗೆ ಹನ್ನೆರಡು ಬರ್ತಿದೆ. ಹಿಂದೆ ಮೂರು ಅಂತಿದೆ.” ದಣಿದು ಬಂದವರು ತಲೆ ಎತ್ತಿರಲಿಲ್ಲ. “ನಾನೇ ನೋಡಿದ ಪುಸ್ತಕ ಕಣಮ್ಮ ಅದು. ಇನ್ನೊಂದ್ಸಲ ಮಾಡು.” ಅವಳು ಮಾಡಿದಳು, ಅಳಿಸಿದಳು, ಹಾಳೆ ಹರಿಯುವವರೆಗೆ ಅಳಿಸಿದಳು. ಆಮೇಲೆ ಲೆಕ್ಕ ಹಿಡಿದು ಅಪ್ಪನ ಹತ್ತಿರ ಬಂದದ್ದಿಲ್ಲ. ಮನೆಗೆ ಬಂದವರು ಓದಿನ ಮಾತೆತ್ತಿದರೆ ನಗುತ್ತ ಒಂದೇ ಮಾತು: “ಲೆಕ್ಕ ಎಲ್ಲಾ ಅಪ್ಪಂಗೇ ಹೋಯ್ತು, ನಂಗೆ ಉಳೀಲಿಲ್ಲ.”

ಈಗ ಅವಳ ಹತ್ತನೇ ತರಗತಿ ಮುಗಿದಿದೆ. ಗಣಿತ ಬಿಟ್ಟು ಬೇರೆ ವಿಷಯಗಳನ್ನು ಬರೆದ ಕಾಲೇಜಿನ ಅರ್ಜಿ ಮನೆಯಲ್ಲಿ ಅಪ್ಪನ ಸಹಿಗೆ ಕಾದಿದೆ.

ಈ ಕೆಲಸದಲ್ಲಿ ಆಸೆ ಏನು ಎಂದು ಯಾರಾದರೂ ಕೇಳಿದರೆ ಮೇಷ್ಟ್ರು ಪೆನ್ಸಿಲ್ಲಿನ ತುದಿ ನೋಡುತ್ತಾರೆ. “ಸರಿ ಉತ್ತರ ಬರೆದ ಮಗು ರಬ್ಬರ್ ಹುಡುಕ್ಬಾರ್ದು. ಅಷ್ಟೇ.”

ಸಂಜೆ ಮನೆಗೆ ಹೋಗಿ ಅರ್ಜಿಗೆ ಸಹಿ ಹಾಕುತ್ತಾರೆ. ಅವತ್ತು ನಿನಗೆ ಬಂದ ಹನ್ನೆರಡೇ ಸರಿ ಎಂದು ಮಗಳಿಗೆ ಹೇಳುವುದಿಲ್ಲ.