ಬದುವಿನಿಂದ ಅಗೆದು ತೆಗೆದ ಪಿತ್ತಕೋಶ

ತಂಗಿಯ ಪಿತ್ತಕೋಶವನ್ನು ಅವಳ ಗಂಡ ಚೆಂಡುಹೂವಿನ ಹೊಲದ ಬದುವಿನಲ್ಲಿ ಹೂತಿದ್ದಾನೆಂದು ನನಗೆ ತಿಳಿದದ್ದು, ಬಯಾಪ್ಸಿಯ ವರದಿ ಎಲ್ಲಿ ಎಂದು ಕೇಳಿದಾಗ. ಚಾಮರಾಜನಗರದಲ್ಲಿ ಆಪರೇಷನ್ ಮಾಡಿದವರು, ಕತ್ತರಿಸಿ ತೆಗೆದುದನ್ನು ಕೆಡದಂತೆ ಕಾಯುವ ಫಾರ್ಮಾಲಿನ್ ತುಂಬಿದ ಡಬ್ಬಿಯಲ್ಲಿ ಹಾಕಿ, ಲ್ಯಾಬಿಗೆ ಕೊಡಿರೆಂದು ಅವನ ಕೈಗಿತ್ತಿದ್ದರು. ಮೈಯಿಂದ ಬೇರೆಯಾದದ್ದು ಮಣ್ಣು ಸೇರಬೇಕೆಂಬುದು ಅವರ ಮನೆಯ ನಡವಳಿಕೆ. ಅವನು ಅದನ್ನು ತನ್ನೂರು ಗುಂಡ್ಲುಪೇಟೆಗೆ ಒಯ್ದು, ಅರಿಶಿನ ಕುಂಕುಮವಿಟ್ಟು, ಮುಚ್ಚಳವನ್ನೂ ತೆಗೆಯದೆ ಹೂತಿದ್ದ.

“ಕಲ್ಲು ಅಂದ್ರು, ತಗುದ್ರು, ಮುಗೀತು. ಆ ಡಾಕ್ಟ್ರು ಪುಸ್ತಕ ಓದಾದ್ ಬುಟ್ಟು ಒಂದಿನ ಸುಮ್ನಿರು ಭಾವ,” ಎಂದ ಭಾವಮೈದ.

ಕಲ್ಲು ಮಾತ್ರ ಎಂಬುದನ್ನು ನಾನು ನಂಬಿರಲಿಲ್ಲ. ಆಪರೇಷನ್ನಿನ ದಿನವೇ ಡಬ್ಬಿಯನ್ನು ಆಸ್ಪತ್ರೆಯ ಕಿಟಕಿಗೆ ಹಿಡಿದು ನೋಡಿದ್ದೆ. ಪಿತ್ತಕೋಶದ ಚೀಲದ ಒಂದು ಮಗ್ಗುಲು ಬಿಳುಚಿಕೊಂಡು ದಪ್ಪಗಟ್ಟಿತ್ತು. ಕಲ್ಲು, ಕ್ಯಾನ್ಸರ್ ಎರಡೂ ಒಟ್ಟಿಗಿರಬಹುದೆಂದು ಓದಿದ್ದೆ.

ತಂಗಿ ಒಳಕೋಣೆಯಲ್ಲಿ ಮಲಗಿದ್ದಳು. “ಅಣ್ಣ, ಆ ಬದಿನ ಮ್ಯಾಲ ಯಾರಾರ ನಡುದ್ರ ನಂಗ ಇಲ್ಲಿ ಗೊತ್ತಾಯ್ತದ ಕನ,” ಎಂದು ಬಲಪಕ್ಕೆಯ ಕೆಳಗೆ ಕೈಯಿಟ್ಟಳು. “ಈಗ ನಿಂತವ್ರ.”

ಹೊಲಿಗೆಯ ನೋವೆಂದು ಹೇಳಿ ಹಿತ್ತಲಿಗೆ ಹೋದೆ. ಬದುವಿನ ಮೇಲೆ ಹೂ ಬಿಡಿಸುವ ಹೆಂಗಸೊಬ್ಬಳು ಬುಟ್ಟಿ ಹೊತ್ತು ನಿಂತಿದ್ದಳು. ಆ ಕೋಣೆಗೆ ಕಿಟಕಿಯಿಲ್ಲ. ಕಾಕತಾಳೀಯವೆಂದೇ ಇಂದಿಗೂ ಹೇಳುತ್ತೇನೆ. ಆದರೆ ಡಬ್ಬಿಯನ್ನು ಅಗೆದು ತೆಗೆಯುವಾಗ ಗುದ್ದಲಿಯನ್ನು ಮೆಲ್ಲಗೆ ಹಾಕಿದೆ.

ಡಬ್ಬಿಯ ದ್ರವ ಚೂರೂ ಇಳಿದಿರಲಿಲ್ಲ. “ಅದ ಮನ ಒಳಕ್ಕ ತರ್ಬ್ಯಾಡ,” ಎಂದು ಭಾವಮೈದ ದೂರದಿಂದಲೇ ಕೂಗಿದ. ಚಾಮರಾಜನಗರದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ.

“ಏನ್ ಯಜಮಾನ್ರೇ, ಉಪ್ಪಿನಕಾಯಾ? ನಮ್ಗೂ ಒಸಿ ಕೊಡಿ,” ಎಂದ ಕಂಡಕ್ಟರ್. ಡಬ್ಬಿಯನ್ನು ಟವೆಲಿನಿಂದ ಮುಚ್ಚಿದೆ.

ಡಬ್ಬಿ ಕೊಟ್ಟ ಕೆಲವು ದಿನಗಳ ನಂತರ ಲ್ಯಾಬಿನ ವೈದ್ಯೆ ಕರೆಸಿದರು. ನಾನೇ ನೋಡಬೇಕೆಂದು ಹಟ ಹಿಡಿದಾಗ, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಕಡುನೇರಳೆ ಕೋಶಗಳು ಒಂದನ್ನೊಂದು ಒತ್ತಿ, ಪಕ್ಕದ್ದರ ಆಕಾರಕ್ಕೆ ಬಾಗಿಕೊಂಡಿದ್ದವು. ಕೆಲವು ಎರಡಾಗುವ ನಡುವೆಯೇ ನಿಂತುಬಿಟ್ಟಿದ್ದವು. ನಾನು ಕಣ್ಣು ತೆಗೆದರೆ ಮುಂದುವರಿಸುತ್ತವೆ ಎನ್ನಿಸಿತು.

“ಪಿತ್ತಕೋಶದಲ್ಲಿ ಸಾಮಾನ್ಯವಾಗಿ ಹುಟ್ಟುವ ಕ್ಯಾನ್ಸರ್ ಹೀಗಿರುವುದಿಲ್ಲ,” ಎಂದರು ವೈದ್ಯೆ. ಬೇರೆ ಬಣ್ಣಗಳನ್ನು ಹಚ್ಚಿ ನೋಡುವ ಪರೀಕ್ಷೆಗೆ ಮೈಸೂರಿಗೆ ಕಳಿಸಿದರು. ಉತ್ತರ ಬಂತು: ಸಣ್ಣಕೋಶದ ಕ್ಯಾನ್ಸರ್. ಹೆಚ್ಚಾಗಿ ಶ್ವಾಸಕೋಶದ್ದು, ಪಿತ್ತಕೋಶದಲ್ಲಿ ಬಲು ಅಪರೂಪ. ಅದರ ಔಷಧಿಯೇ ಬೇರೆ.

“ಹಾಗಾದರೆ ಅದು ಅಲ್ಲೇ ಹುಟ್ಟಿತೆಂದು ಹೇಗೆ ನಂಬಲಿ?” ಎಂದೆ.

“ನಂಬಬೇಡಿ. ಎದೆ, ಹೊಟ್ಟೆ ಎರಡನ್ನೂ ಸ್ಕ್ಯಾನ್ ಮಾಡಿಸಿ. ಬೇರೆಲ್ಲೂ ಕಾಣದಿದ್ದರೆ ಆಕೆ ಉಳಿಯುವ ಆಸೆ ಇಟ್ಟುಕೊಳ್ಳಬಹುದು.”

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ, ಮೈಮೇಲೆ ಲೋಹ ಇರಕೂಡದೆಂದರು. ತಂಗಿ ಮೊದಲು ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕೊರಳಿಗೆ ಹಾಕಿಕೊಂಡು, ಆಮೇಲೆ ತಾಳಿ ತೆಗೆದು ಗಂಡನ ಅಂಗೈಯಲ್ಲಿಟ್ಟಳು. “ಮುಖ ಯಾಕ್ ಅಂಗ್ ಮಾಡೀಯ? ಬತ್ತೀನಿ ಬುಡು,” ಎಂದು ಒಳಗೆ ಹೋದಳು.

ಬಾಗಿಲು ಮುಚ್ಚಿತು. ಒಳಗಿದ್ದವಳು ಅವಳೊಬ್ಬಳೇ. ಆದರೂ ಹೆಣ್ಣುದನಿಯೊಂದು ಸ್ಪಷ್ಟವಾಗಿ ಹೇಳಿತು: “ಉಸಿರು ಬಿಗಿಹಿಡಿಯಿರಿ.” ಯಂತ್ರದ ದನಿಯೆಂದು ನನಗೆ ಗೊತ್ತಿತ್ತು. ಭಾವಮೈದ ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಉಸಿರು ಕಟ್ಟಿ ನಿಂತ. ನಾನೂ ನಿಂತೆ. ಉಸಿರು ಬಿಡಿ ಎಂಬ ಮಾತು ಬರುವುದು ತಡವಾಯಿತು.