ತಳ್ಳು, ತಳ್ಳು, ಎಳೆ

ಕಟ್ಟಡದ ಕೆಲಸದವರೆಲ್ಲ ಅವಳನ್ನು ಮೇಲಿನಕ್ಕ ಎನ್ನುತ್ತಿದ್ದರು. ದೊಡ್ಡ ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಕೂತು ಕಬ್ಬಿಣದ ಕಂತೆಗಳನ್ನು ಎತ್ತಿ ಇಳಿಸುವವಳಿಗೆ ಇನ್ನೇನನ್ನಬೇಕು? ಕೆಳಗೆ ನಿಂತು ಹೊರೆಗೆ ಸರಪಳಿ ಬಿಗಿದು, ವಾಕಿಟಾಕಿಯಲ್ಲಿ ಎತ್ತು, ನಿಲ್ಲಿಸು, ಇಳಿಸು ಎನ್ನುವವನು ಅವಳ ಸ್ವಂತ ತಮ್ಮ. ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳೂ ಅವಳೇ. ಎತ್ತುವುದು ಅಕ್ಕನ ಪಾಡು, ಕೂಗುವುದು ತಮ್ಮನ ಪಾಡು, ಇದು ತೊಟ್ಟಿಲಿನಿಂದ ಬಂದದ್ದು ಎಂದು ಮೇಸ್ತ್ರಿ ನಗುತ್ತಿದ್ದ.

ಆನ್‌ಲೈನ್ ಆಟದ ರುಚಿ ಹಚ್ಚಿದವನೂ ಆ ತಮ್ಮನೇ. ಟೀವಿಯಲ್ಲೊಂದು ದ್ವೀಪ, ಅದರ ತುಂಬ ಎಲ್ಲೆಲ್ಲಿನವರೋ ಆಟಗಾರರು. ಇಬ್ಬರ ಕೈಯಲ್ಲೂ ಒಂದೊಂದು ಜಾಯ್‌ಸ್ಟಿಕ್. ಕೆಲಸದಲ್ಲೂ ಹಿಡಿಕೆ, ಮನೆಯಲ್ಲೂ ಹಿಡಿಕೆ, ನನ್ನ ಹಣೆಬರಹ ಎಂದು ಅವಳು ಗೊಣಗಿದಳು, ಆದರೆ ದೋಣಿ ಪಂದ್ಯಕ್ಕೆ ಮನಸೋತಳು. ಇಬ್ಬರೂ ಬಂಡೆಗೆ ಗುದ್ದಿ ಮುಳುಗುತ್ತಿದ್ದರು. "ಅಕ್ಕಾ, ದೋಣಿಗೆ ಬ್ರೇಕ್ ಇರಲ್ಲ ಕಣೇ!" ಎಂದು ಅವನು ಕಿರುಚಿದರೆ ನಕ್ಕು ನಕ್ಕು ಅವಳ ಹೊಟ್ಟೆ ಹುಣ್ಣಾಗುತ್ತಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಹುಲಿಮೀಸೆ ಎಂಬ ಮುಖ ಕಾಣದ ಪುಣ್ಯಾತ್ಮನೊಬ್ಬ ಇಬ್ಬರನ್ನೂ ತನ್ನ ತಂಡಕ್ಕೆ ಸೇರಿಸಿಕೊಂಡ. ತಂಡ ಮೇಲೇರಬೇಕಾದರೆ ದಿನಾ ಇಷ್ಟು ಅದಿರು ಅಗೆಯಬೇಕು; ತಪ್ಪಿದರೆ ಹೊರಗೆ. ಒಳ್ಳೆ ಗುದ್ದಲಿಯಿಲ್ಲದೆ ಅದಿರಿಲ್ಲ, ಅದಿರಿಲ್ಲದೆ ಒಳ್ಳೆ ಗುದ್ದಲಿಯಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗೆ. ತಮ್ಮ ನಡುವೆಯೇ ಆಕಳಿಸಿ ಎದ್ದುಹೋಗುತ್ತಿದ್ದ. ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಗೊತ್ತಿಲ್ಲದ ಅಕ್ಕ ಅವನ ಪಾಲನ್ನೂ ಅಗೆಯುತ್ತಿದ್ದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅಗೆತ, ಸಂಜೆ ತಟ್ಟೆಯ ಊಟ ಆರುತ್ತಿದ್ದರೂ ಅಗೆತ. ಕಲ್ಲು ಕೆಂಪಗಾಗುವವರೆಗೆ ಕಾಯಬೇಕು, ಆಮೇಲೆ ಬಲಗೈಯಿಂದ ಹಿಡಿಕೆಯನ್ನು ತಳ್ಳು, ತಳ್ಳು, ಎಳೆ. ಮತ್ತೆ ಕಾಯಬೇಕು. ದೋಣಿ ದಡದಲ್ಲೇ ಉಳಿಯಿತು. ಮನೆಯಲ್ಲಿ ನಗು ನಿಂತುಹೋದದ್ದು ಅವಳಿಗೆ ತಿಳಿಯಲೇ ಇಲ್ಲ.

ಒಂದು ಮಧ್ಯಾಹ್ನ ಕಬ್ಬಿಣದ ಕಂತೆ ಇಳಿಯುತ್ತಿತ್ತು. "ಅಕ್ಕಾ, ನಿಲ್ಸು. ಕೆಳಗಿಟ್ಟಿರೋ ಮರದ ತುಂಡು ಸರಿ ಮಾಡ್ತೀನಿ," ಎಂದ ತಮ್ಮ. ನಿಲ್ಲಿಸಿದಳು. ಅವನ ಹಳದಿ ಟೊಪ್ಪಿಗೆ ಹೊರೆಯ ಕಡೆಗೆ ಬಾಗಿತು. ಅವಳು ಕಾಯುತ್ತಿದ್ದಳು. ನಿದ್ದೆ ಹತ್ತಿರಲಿಲ್ಲ, ಕಣ್ಣು ತೆರೆದೇ ಇತ್ತು. ಬಲಗೈ ತನ್ನಷ್ಟಕ್ಕೆ ತಾನೇ ಹಿಡಿಕೆಯನ್ನು ತಳ್ಳಿತು, ತಳ್ಳಿತು, ಎಳೆಯಿತು.

ಕಂತೆ ಧಡಕ್ಕನೆ ಎರಡು ಸಲ ಕುಸಿದು ಮೇಲೆದ್ದಿತು. ಹಳದಿ ಟೊಪ್ಪಿಗೆ ಕಾಣಲಿಲ್ಲ. ಅವಳ ಜೀವ ಬಾಯಿಗೆ ಬಂತು. ಗಾಜಿಗೆ ಮುಖವೊತ್ತಿ ಕೆಳಗೆ ಹುಡುಕಿದಳು. ವಾಕಿಟಾಕಿ ಕರಕರ ಎಂದಿತು. "ಏನಿಲ್ಲ ಅಕ್ಕಾ, ಹಿಂದಕ್ಕೆ ಬಿದ್ದೆ ಅಷ್ಟೆ. ಕೈಗವಸು ಹರೀತು."

ಅವಳು ಕೆಳಗಿಳಿದಾಗ ಕೆಲಸದವರೆಲ್ಲ ಸುತ್ತ ನೆರೆದಿದ್ದರು. ಗಾಳಿ ಇರಬೇಕು ಎಂದರು, ಬ್ರೇಕು ಜಾರಿತೇನೋ ಎಂದರು. "ಸಮಯಕ್ಕೆ ಎತ್ತಿದ್ರಿ ನೋಡಿ, ನಿಮ್ಮ ಕೈ ಚಿನ್ನ," ಎಂದ ಮೇಸ್ತ್ರಿ. ತಮ್ಮನೂ ಹಲ್ಲು ಕಿರಿಯುತ್ತ ಹೌದೆಂದು ತಲೆಯಾಡಿಸಿದ.

ಆ ಹೊಗಳಿಕೆ ಬಾಯೊಳಗಿನ ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಬಸ್ಸಿನಲ್ಲಿ ಬಲಗೈಯನ್ನು ತೊಡೆಯಡಿಗೆ ಹಾಕಿಕೊಂಡು ಕೂತಳು. ಮನೆಯಲ್ಲಿ ತರಕಾರಿ ಹೆಚ್ಚಲು ಚಾಕು ಹಿಡಿದವಳು ಹೆದರಿ ಕೆಳಗಿಟ್ಟಳು. ತನ್ನದೇ ಕೈ, ತನ್ನನ್ನೊಂದು ಮಾತು ಕೇಳದೆ ತಮ್ಮನನ್ನು ಕೊಲ್ಲಲು ಹೊರಟಿತ್ತು. ನಾಳೆ ಮತ್ತೆ ಅವನು ಹೊರೆಯ ಪಕ್ಕ ಬಾಗುತ್ತಾನೆ ಎಂದು ನೆನೆದರೇ ಬೆವರುತ್ತಿದ್ದಳು.

ಅಷ್ಟರಲ್ಲಿ ತಮ್ಮ ಟೀವಿ ಹಾಕಿದ. "ಹುಲಿಮೀಸೆ ಬೈತಾ ಇದಾನೆ ಕಣೇ. ಇವತ್ತಿಂದು ಬಾಕಿ."

"ಗಾಳಿ ಅಲ್ಲ ಕಣೋ," ಎಂದಳು. "ಬ್ರೇಕೂ ಅಲ್ಲ. ನಾನು ಅಗೆದೆ."

ಅವನಿಗೆ ಅರ್ಥವಾಗಲಿಲ್ಲ. ಅವಳು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದಳು. ಅವನ ಮುಖದ ನಗು ಇಳಿಯಿತು. ಕೈಗವಸು ಹರಿದಿದ್ದ ಕೈಯ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡ.

"ನನ್ನ ಪಾಲೂ ನೀನೇ ಅಗೀತಿದ್ದೆ," ಎಂದನು ಕೊನೆಗೆ. ಇಬ್ಬರ ಹೆಸರನ್ನೂ ತಂಡದಿಂದ ತೆಗೆದುಹಾಕಿದ.

ಮರುದಿನ ಅವಳು ಮೇಸ್ತ್ರಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವನು ಬಯ್ದ, ತಲೆ ಚಚ್ಚಿಕೊಂಡ, ಕ್ರೇನಿಗೆ ಬೇರೊಬ್ಬನನ್ನು ಕರೆಸಿದ. ಅವಳು ಕೆಲವು ವಾರ ಕೆಳಗೆ ಸರಪಳಿ ತೊಳೆದಳು. ಸಂಜೆ ಮನಸ್ಸು ಬಂದರೆ ಇಬ್ಬರೂ ಒಂದೆರಡು ದೋಣಿ ಪಂದ್ಯ ಆಡುತ್ತಿದ್ದರು. ಹಸಿವಾದರೆ ಪಂದ್ಯವನ್ನು ನಡುನೀರಿನಲ್ಲೇ ಬಿಟ್ಟು ಏಳುತ್ತಿದ್ದರು. ಒಮ್ಮೆಯೂ ಗೆಲ್ಲಲಿಲ್ಲ. ಒಂದು ದಿನ ತಮ್ಮನ ದೋಣಿ ತಲೆಕೆಳಗಾದಾಗ ಅವಳಿಗೆ ತಡೆಯಲಾಗದಷ್ಟು ನಗು ಬಂತು.

ಮೇಸ್ತ್ರಿ ಅವಳ ಪಕ್ಕದಲ್ಲಿ ಒಬ್ಬನನ್ನು ಕಾವಲಿಟ್ಟು, ಖಾಲಿ ಕೊಕ್ಕೆಯಲ್ಲೇ ದಿನಗಟ್ಟಲೆ ಪರೀಕ್ಷೆ ಮಾಡಿಸಿ, ಕೊನೆಗೆ ಅವಳು ಮತ್ತೆ ಹೊರೆ ಎತ್ತಲು ಒಪ್ಪಿಗೆ ಕೊಟ್ಟ. ಏಣಿಯ ಬುಡದಲ್ಲಿ ಅವಳು ನಿಂತಳು.

"ಇವತ್ತು ನೀನು ಹೊರೆ ಹತ್ರ ನಿಲ್ಬೇಡ ಕಣೋ," ಎಂದಳು ತಮ್ಮನಿಗೆ. "ಬೇರೆ ಯಾರನ್ನಾದ್ರೂ ನಿಲ್ಸು."

ಅವನು ಟೊಪ್ಪಿಗೆಯ ಪಟ್ಟಿ ಬಿಗಿದುಕೊಂಡ. "ಅವರಿಗೂ ಅಕ್ಕ ಇರ್ತಾಳಲ್ವೇನೇ?"

ಅವಳು ಏಣಿ ಹತ್ತಿದಳು.